ಪದ ಬೇಕು: ‘ಪೋ ದಾನ್’ — ಕತ್ತೆಚರ್ಮವೋ, ಕತ್ತೆತೊಗಲೋ? (ಶುಕ್ರವಾರದೊಳಗೆ)

ಬೆಂಗಳೂರಿನಿಂದ

ಎಲ್ಲರಿಗೂ ನಮಸ್ಕಾರ. ಒಂದು ಫಿಲ್ಮ್ ಕ್ಲಬ್ಬಿಗಾಗಿ ಫ್ರೆಂಚ್ ಸಿನಿಮಾಕ್ಕೆ ಕನ್ನಡ ಸಬ್‌ಟೈಟಲ್ ಬರೆಯುತ್ತಿದ್ದೇನೆ. 1970ರ ‘ಪೋ ದಾನ್’. ಜಾಕ್ ದೆಮಿ ನಿರ್ದೇಶನ, ಮಿಶೆಲ್ ಲಗ್ರಾಂ ಸಂಗೀತ, ಕ್ಯಾಥರೀನ್ ದನವ್ ನಾಯಕಿ. ಶಾರ್ಲ್ ಪೆರೋ 1694ರಲ್ಲಿ ಪದ್ಯವಾಗಿ ಬರೆದ ಕಥೆಯೇ ಮೂಲ. ಶನಿವಾರ ಪ್ರದರ್ಶನ. ಫೈಲ್ ಶುಕ್ರವಾರ ಕೊಡಬೇಕು, ಪೋಸ್ಟರ್ ಅದಕ್ಕೂ ಮೊದಲೇ ಅಚ್ಚಿಗೆ ಹೋಗುತ್ತದೆ.

ಕಥೆ ಇಷ್ಟು. ತನಗಿಂತ ಚೆಲುವೆ ಸಿಕ್ಕರೆ ಮಾತ್ರ ಮತ್ತೆ ಮದುವೆಯಾಗು ಎಂದು ಸಾಯುವ ರಾಣಿ ರಾಜನಿಂದ ಮಾತು ತೆಗೆದುಕೊಳ್ಳುತ್ತಾಳೆ. ಅಂಥವಳು ಮಗಳು ಒಬ್ಬಳೇ. ಅವನು ಅವಳನ್ನೇ ಕೇಳುತ್ತಾನೆ. ಅವಳು ಆಗದ ಹೋಗದ ಉಡುಪುಗಳನ್ನು ಕೇಳಿ ಕಾಲ ತಳ್ಳುತ್ತಾಳೆ. ಕೊನೆಗೆ ಲದ್ದಿಯ ಬದಲು ಚಿನ್ನ ಹಾಕುವ ಅರಮನೆಯ ಕತ್ತೆಯ ಚರ್ಮವನ್ನೇ ಕೇಳುತ್ತಾಳೆ. ರಾಜ ಅದನ್ನೂ ಕೊಡುತ್ತಾನೆ. ಅವಳು ಆ ಚರ್ಮ ಹೊದ್ದು ಓಡಿಹೋಗುತ್ತಾಳೆ. ಹೋದ ಊರಿನ ಜನ ಅವಳನ್ನು ಕರೆಯುವುದೂ ‘ಪೋ ದಾನ್’ ಎಂದೇ.

ಮೂರು ಕಡೆ ಸಿಕ್ಕಿಕೊಂಡಿದ್ದೇನೆ. ಹೆಸರಿಗೆ ‘ಕತ್ತೆಚರ್ಮ’ ಸಾಕಾ? ಮೊದಲ ಉಡುಪು ‘ತಾಂ’ನ ಬಣ್ಣದ್ದು. ಆ ಪದಕ್ಕೆ ಕಾಲ ಎಂದೂ ಅರ್ಥ, ಹವೆ ಎಂದೂ ಅರ್ಥ. ಸದ್ಯಕ್ಕೆ ‘ಕಾಲದ ಬಣ್ಣ’ ಎಂದು ಹಾಕಿದ್ದೇನೆ. ಆಮೇಲೆ ಚಂದ್ರ, ಸೂರ್ಯ ಬರುತ್ತವೆ. ಇನ್ನೊಂದು, ಅವಳು ರಾಜಕುಮಾರನಿಗೆ ಹಾಡುತ್ತ ಮಾಡುವ ‘ಕೇಕ್ ದಾಮೂರ್’, ಅಂದರೆ ಪ್ರೀತಿಯ ಕೇಕ್. ಕೇಕ್ ಅನ್ನಲಾ, ಬೇರೆ ಏನಾದರೂ ಇದೆಯಾ?

ಧಾರವಾಡದಿಂದ

ಚರ್ಮ ಸಂಸ್ಕೃತ. ತೊಗಲು ಇರುವಾಗ ಅದು ಯಾಕೆ ಬೇಕು? ತೊಗಲುಗೊಂಬೆ ಎನ್ನುತ್ತೇವೆ, ಚರ್ಮಗೊಂಬೆ ಎನ್ನುವುದಿಲ್ಲ. ಕತ್ತೆಯೂ ನಮ್ಮದೇ. ಹಳಗನ್ನಡದ ಕೞ್ತೆ, ತಮಿಳಿನ ಕಳುದೈ ಒಂದೇ ಬೇರಿನವು. ಕತ್ತೆತೊಗಲು. ಇದರಲ್ಲಿ ಚರ್ಚೆಗೆ ಜಾಗವಿಲ್ಲ.

ಕಾಲವೂ ಸಂಸ್ಕೃತ. ‘ಹೊತ್ತಿನ ಬಣ್ಣ’ ಎನ್ನಿ. ಮುಂದಿನವು ‘ತಿಂಗಳ ಬಣ್ಣ’, ‘ನೇಸರ ಬಣ್ಣ’. ಕೇಕ್ ಬೇಡವೇ ಬೇಡ. ‘ಒಲವಿನ ರೊಟ್ಟಿ’.

ಮೈಸೂರಿನಿಂದ

‘ಬಣ್ಣ’ ವರ್ಣದ ತದ್ಭವ. ಸಂಸ್ಕೃತ ಬೇಡ ಅನ್ನುವವರು ಮೂರು ಉಡುಪಿನಲ್ಲೂ ಅದನ್ನೇ ಉಳಿಸಿಕೊಂಡಿದ್ದಾರೆ.

‘ಹೊತ್ತಿನ ಬಣ್ಣ’ ನನಗೆ ಅರ್ಥವಾಗಲಿಲ್ಲ. ನೋಡುವವರಿಗೂ ಆಗುವುದಿಲ್ಲ. ‘ತಿಂಗಳ ಬಣ್ಣದ ಉಡುಪು’ ಅಂದರೆ ತಿಂಗಳಿಗೊಮ್ಮೆ ಹಾಕುವ ಉಡುಪು ಎಂದುಕೊಳ್ಳುತ್ತಾರೆ. ತಿಂಗಳು ಅಂದರೆ ಚಂದ್ರ ಎಂದು ಓದಿದವರಿಗೆ ಗೊತ್ತು. ಆದರೆ ತೆರೆಯ ಮೇಲಿನ ಸಾಲು ಕಣ್ಣು ಮಿಟುಕಿಸುವಷ್ಟರಲ್ಲಿ ಹೋಗಿಬಿಡುತ್ತದೆ. ಯೋಚಿಸಲು ಸಮಯ ಎಲ್ಲಿದೆ?

ನೀವು ಕೇಳದ ಒಂದು ವಿಷಯ. ಈ ಸಿನಿಮಾದಲ್ಲಿ ಲಿಲಾ ಹೂವಿನ ಹೆಸರಿನ ಕಿನ್ನರಿ ಬರುತ್ತಾಳೆ ಅಲ್ವಾ? ಆ ‘ಲಿಲಾ’ ಬೇರೇನಲ್ಲ, ನಮ್ಮ ‘ನೀಲ’ವೇ. ಪಾರ್ಸಿಯಲ್ಲಿ ‘ನೀಲಕ್’ ಆಗಿ, ಅರಬ್ಬಿ ದಾಟಿ, ‘ನ’ ಹೋಗಿ ‘ಲ’ ಬಂದು ಯುರೋಪು ಸೇರಿತು. ಹಾಗಾಗಿ ‘ನೀಲಿ ಕಿನ್ನರಿ’ ಎಂದು ಧೈರ್ಯವಾಗಿ ಬರೆಯಿರಿ. ಸಾಲ ಕೊಟ್ಟದ್ದನ್ನು ವಾಪಸು ತೆಗೆದುಕೊಂಡಂತೆ.

ಮಾಂಟ್ರಿಯಲ್‌ನಿಂದ

‘ನೀಲಿ ಕಿನ್ನರಿ’ ಬೇಡ. ಪದದ ಹುಟ್ಟು ಏನೇ ಇರಲಿ, ಈ ಸಿನಿಮಾದಲ್ಲಿ ನೀಲಿಗೆ ಬೇರೆ ಕೆಲಸ ಇದೆ. ನಾಯಕಿಯ ಅಪ್ಪನ ರಾಜ್ಯವೆಲ್ಲ ನೀಲಿ. ಆಳುಗಳ ಮುಖಕ್ಕೂ ನೀಲಿ ಬಳಿದಿದ್ದಾರೆ, ಕುದುರೆಗಳೂ ನೀಲಿ. ರಾಜಕುಮಾರನ ರಾಜ್ಯ ಕೆಂಪು. ಕಿನ್ನರಿಯನ್ನು ನೀಲಿ ಎಂದರೆ ಅವಳು ರಾಜನ ಕಡೆಯವಳು ಅನ್ನಿಸುತ್ತದೆ. ಅವಳು ಹುಡುಗಿಯ ಕಡೆಯವಳು. ಮಕ್ಕಳು ಹೆತ್ತವರನ್ನು ಮದುವೆಯಾಗುವುದಿಲ್ಲ ಎಂದು ಹಾಡಿ ತಿಳಿಹೇಳುವವಳೇ ಅವಳು. ‘ಲೈಲಾಕ್ ಕಿನ್ನರಿ’ ಸಾಕು.

ಇನ್ನು ‘ತಾಂ’. ಇಲ್ಲಿ ದಿನಾ ಕೇಳುವ ಪದ. ಬೆಳಿಗ್ಗೆ ಕಿಟಕಿ ತೆಗೆದು ‘ಇವತ್ತು ಒಳ್ಳೆಯ ತಾಂ’ ಅಂದರೆ ಬಿಸಿಲು ಚೆನ್ನಾಗಿದೆ ಎಂದು. ‘ನನಗೆ ತಾಂ ಇಲ್ಲ’ ಅಂದರೆ ಪುರುಸೊತ್ತಿಲ್ಲ ಎಂದು. ಆದರೆ ಉಡುಪಿನ ವಿಷಯದಲ್ಲಿ ಗೊಂದಲವೇ ಇಲ್ಲ. ಪೆರೋ ತಾನೇ ಬಿಡಿಸಿ ಹೇಳಿದ್ದಾನೆ. ಚಿನ್ನದ ಬಣ್ಣದ ದೊಡ್ಡ ಮೋಡಗಳು ಸುತ್ತುವರಿದ ಆಕಾಶದ ನೀಲಿಯೂ ಈ ಉಡುಪಿನಷ್ಟು ನೀಲಿಯಲ್ಲ ಎನ್ನುತ್ತಾನೆ. ದೆಮಿಯೂ ಹಾಗೇ ಓದಿಕೊಂಡಿದ್ದಾನೆ. ಆ ಉಡುಪನ್ನು ಸಿನಿಮಾ ಪರದೆಯ ಬಟ್ಟೆಯಲ್ಲಿ ಹೊಲಿಸಿ, ಅದರ ಮೇಲೆ ಮೋಡಗಳ ಚಿತ್ರ ಬಿಟ್ಟಿದ್ದಾರೆ. ದನವ್ ನಿಂತಿದ್ದರೂ ಮೈಮೇಲೆ ಮೋಡ ಸಾಗುತ್ತಿರುತ್ತದೆ. ತೆರೆಯ ಮೇಲೆ ಅದು ಕಾಣುವಾಗ ಕೆಳಗೆ ‘ಕಾಲದ ಬಣ್ಣ’ ಎಂದು ಬಂದರೆ ನೋಡುವವರು ಏನೋ ತತ್ವ ಇದೆ ಎಂದುಕೊಳ್ಳುತ್ತಾರೆ. ಏನೂ ಇಲ್ಲ. ಅದು ಆಕಾಶ.

ಹಾಗಂತ ‘ಹವಾಮಾನದ ಬಣ್ಣ’ ಎನ್ನಬೇಡಿ. ವಾರ್ತೆ ಓದಿದ ಹಾಗಿರುತ್ತದೆ.

ಧಾರವಾಡದಿಂದ

ಹವೆ ಅರಬ್ಬಿ, ಮಾನ ಸಂಸ್ಕೃತ. ಅಂಥ ಕಲಬೆರಕೆಯನ್ನು ನಾನಂತೂ ಸೂಚಿಸಿಲ್ಲ. ಆಕಾಶವೂ ಸಂಸ್ಕೃತ. ನಮ್ಮ ಕಡೆ ಮುಗಿಲು ಎನ್ನುತ್ತೇವೆ.

ಕೇಕಿನ ಬಗ್ಗೆ ಯಾರೂ ಮಾತಾಡಲಿಲ್ಲ.

ಶಿವಮೊಗ್ಗದಿಂದ

ಮುಗಿಲು! ಇಷ್ಟು ಹೊತ್ತು ಹುಡುಕುತ್ತಿದ್ದ ಪದ ಇದೇ. ನಮ್ಮ ಕಡೆ ಮುಗಿಲು ಅಂದರೆ ಮೋಡ, ಧಾರವಾಡದ ಕಡೆ ಆಕಾಶ. ಆ ಉಡುಪಿನಲ್ಲಿ ಎರಡೂ ಇವೆ. ಯಾರು ಹೇಗೆ ಓದಿದರೂ ಸರಿ. ‘ಮುಗಿಲ ಬಣ್ಣದ ಉಡುಪು’. ಅದೇ ದಾರಿಯಲ್ಲಿ ಮುಂದೆ ಹೋಗಿ. ಚಂದ್ರ ಬೇಡ, ತಿಂಗಳೂ ಬೇಡ, ‘ಬೆಳದಿಂಗಳ ಬಣ್ಣ’. ಸೂರ್ಯ ಬೇಡ, ನೇಸರೂ ಬೇಡ, ‘ಬಿಸಿಲ ಬಣ್ಣ’. ಬಟ್ಟೆಗೆ ಬರುವುದು ಚಂದ್ರ, ಸೂರ್ಯರಲ್ಲ, ಅವರ ಬೆಳಕು. ಮೂರೂ ಕನ್ನಡದವೇ, ಮೂರೂ ಮಕ್ಕಳಿಗೂ ಗೊತ್ತು.

ಹೆಸರಿನ ವಿಷಯದಲ್ಲಿ ಮಾತ್ರ ನೀವೆಲ್ಲ ಚರ್ಮವೋ ತೊಗಲೋ ಎಂದು ಸುಮ್ನೆ ಗುದ್ದಾಡುತ್ತಿದ್ದೀರಿ. ‘ಕತ್ತೆತೊಗಲು’ ವಸ್ತುವಿನ ಹೆಸರು. ಅಂಗಡಿಯಲ್ಲಿ ಮಾರಬಹುದು. ಆದರೆ ಊರವರು ಒಬ್ಬ ಹುಡುಗಿಯನ್ನು ಹೀಗೆ ಕರೆಯುತ್ತಿದ್ದಾರೆ. ಕನ್ನಡದಲ್ಲಿ ಹುಡುಗಿಯನ್ನು ಹಂಗಿಸಿ ಕರೆಯುವುದು ಹೇಗೆ?

ಇದಕ್ಕೆ ಉತ್ತರ ನಮ್ಮದೇ ಕಥೆಯಲ್ಲಿದೆ. ಎ. ಕೆ. ರಾಮಾನುಜನ್ ‘ಕನ್ನಡದ ಸಿಂಡ್ರೆಲಾ’ ಎಂದು ಇಂಗ್ಲಿಷಿನಲ್ಲಿ ಪರಿಚಯಿಸಿದ ‘ಹಂಚಿ’ ಕಥೆ ನೆನಪಿಸಿಕೊಳ್ಳಿ. ಚಿನ್ನದ ಕೂದಲಿನ ಹುಡುಗಿ. ಅವಳ ಮೇಲೆ ಸ್ವಂತ ಅಣ್ಣನಿಗೇ ಮನಸ್ಸಾಗುತ್ತದೆ. ತಾಯಿ ಅವಳನ್ನು ಮನೆಯಿಂದ ಕಳಿಸಿಬಿಡುತ್ತಾಳೆ. ಹುಡುಗಿ ಮಣ್ಣಿನ ಮುಖವಾಡ ಹಾಕಿಕೊಂಡು ಸಾಹುಕಾರರ ಮನೆಯಲ್ಲಿ ಅಡುಗೆ ಕೆಲಸಕ್ಕೆ ಸೇರುತ್ತಾಳೆ. ಮುಖಕ್ಕೆ ಹಂಚು ಇರುವುದರಿಂದ ಅವಳು ಹಂಚಿ. ಆ ಮನೆಯ ಮಗ ಒಮ್ಮೆ ಮುಖವಾಡವಿಲ್ಲದ ಅವಳನ್ನು ನೋಡಿಬಿಡುತ್ತಾನೆ.

ಪೆರೋನ ಕಥೆಗೂ ಇದಕ್ಕೂ ಮೂಳೆ ಒಂದೇ. ಮನೆಯೊಳಗಿನ ಗಂಡಸಿನಿಂದಲೇ ಬರುವ ಕೇಡು, ಓಡಿಹೋಗುವುದು, ಅಸಹ್ಯವಾದ ಹೊದಿಕೆ, ಅಡುಗೆಮನೆ, ಕದ್ದು ನೋಡುವ ಹುಡುಗ. ಜಾನಪದ ಓದುವವರು ‘ಪೋ ದಾನ್’ ಜಾತಿಯ ಕಥೆಗಳನ್ನು 510ಬಿ ಎಂದು ಗುರುತಿಸುತ್ತಾರೆ, ಸಿಂಡ್ರೆಲಾಳ ಪಕ್ಕದಲ್ಲೇ. ಮಲತಾಯಿಯ ಕಾಟ ಇರುವಲ್ಲಿ ಸಿಂಡ್ರೆಲಾ, ತಂದೆಯ ಆಸೆ ಇರುವಲ್ಲಿ ಕತ್ತೆಚರ್ಮದ ಹುಡುಗಿ. ಹಂಚಿಯ ಕಥೆ ಹೇಳಿದ ನಮ್ಮ ಅಜ್ಜಿಯರು ತಂದೆಯ ಜಾಗದಲ್ಲಿ ಅಣ್ಣನನ್ನು ಇಟ್ಟರು. ಭಯ ಅದೇ. ಈ ಕಥೆಯನ್ನು ಮುದ್ದು ಮುದ್ದಾಗಿ ಅನುವಾದಿಸುವುದನ್ನು ಕಂಡರೆ ನನಗೆ ಆಗುವುದಿಲ್ಲ. ದೆಮಿ ಬಣ್ಣ ಬಳಿದಿದ್ದಾನೆ, ಹಾಡು ಹಾಕಿದ್ದಾನೆ, ಆದರೆ ರಾಜನ ಮಾತನ್ನು ಎಲ್ಲೂ ಮರೆಮಾಚಿಲ್ಲ. ದಯವಿಟ್ಟು ಸಬ್‌ಟೈಟಲ್‌ನಲ್ಲೂ ಮರೆಮಾಚಬೇಡಿ. ಅವನು ಮಗಳಿಗೆ ‘ನಿನ್ನನ್ನು ಮದುವೆಯಾಗುತ್ತೇನೆ’ ಎಂದರೆ ಹಾಗೇ ಬರೆಯಿರಿ. ‘ನೀನು ನನ್ನವಳಾಗು’ ಎಂದು ತೇಲಿಸಬೇಡಿ.

ವ್ಯಾಕರಣಕ್ಕೆ ಬರುತ್ತೇನೆ. ಹಂಚು, ಹಂಚಿ. ಗೂನು, ಗೂನಿ. ತೊಗಲು, ತೊಗಲಿ. ಹಾಗಾಗಿ ಹುಡುಗಿಯ ಹೆಸರು ‘ಕತ್ತೆತೊಗಲಿ’. ಕರೆಯುವಾಗ ಬರೀ ‘ತೊಗಲಿ’. ‘ಏ ತೊಗಲಿ, ಹಂದಿಗೆ ನೀರಿಟ್ಟೆಯಾ?’ ಎಂದು ಆ ಹೊಲದಮನೆಯವರು ಕೂಗುವುದು ಕಿವಿಗೆ ಬೀಳುತ್ತದೆ. ‘ಏ ಕತ್ತೆಚರ್ಮ’ ಎಂದರೆ ಯಾವ ಊರಲ್ಲಿ ಯಾರು ತಿರುಗಿ ನೋಡುತ್ತಾರೆ?

ಮೈಸೂರಿನಿಂದ

ವ್ಯಾಕರಣ ಸರಿ. ಆದರೆ ‘ಕತ್ತೆತೊಗಲಿ’ ಪೋಸ್ಟರಿನಲ್ಲಿ ಬೈಗುಳದ ಹಾಗೆ ಕಾಣುತ್ತದೆ.

ಶಿವಮೊಗ್ಗದಿಂದ

ಅದು ಬೈಗುಳವೇ.

ಧಾರವಾಡದಿಂದ

ತೊಗಲಿಗೆ ನನ್ನ ಒಪ್ಪಿಗೆ ಇದೆ. ಉಡುಪುಗಳಿಗೂ. ಕೇಕಿಗೆ ಇಲ್ಲ. ಒಂದೊಂದು ಇಂಗ್ಲಿಷ್ ಪದಕ್ಕೂ ‘ಎಲ್ಲರಿಗೂ ಗೊತ್ತು, ಇರಲಿ’ ಅನ್ನುತ್ತಾ ಹೋದರೆ ನಾಳೆ ಅಡುಗೆಮನೆಯಲ್ಲಿ ಕನ್ನಡ ಏನು ಉಳಿಯುತ್ತದೆ? ಸೌಟು ಹೋಯಿತು, ಒಲೆ ಹೋಯಿತು. ಹಿಟ್ಟು ನಾದುವ ಹಾಡಿಗೆ ನಮ್ಮಲ್ಲಿ ಪದ ಕಡಿಮೆಯೇ? ಬೀಸುವ ಹಾಡು, ಕುಟ್ಟುವ ಹಾಡು ಕಟ್ಟಿದ ಭಾಷೆ ಇದು.

ಮಾಂಟ್ರಿಯಲ್‌ನಿಂದ

‘ಕೇಕ್’ ಫ್ರೆಂಚಿಗೂ ಸಾಲದ ಪದ. ಇಂಗ್ಲಿಷಿನಿಂದ ಬಂದದ್ದು. ಫ್ರೆಂಚಿನಲ್ಲಿ ಅದಕ್ಕೆ ‘ಗಾತೋ’ ಇದೆ, ‘ಗಲೆತ್’ ಇದೆ. ಪೆರೋ ಅವನ್ನೇ ಬಳಸಿದ್ದಾನೆ. ದೆಮಿ ಇಂಗ್ಲಿಷ್ ಪದವನ್ನು ಬೇಕೆಂದೇ ಹಾಡಿಗೆ ತಂದ ಎಂದೇ ನನ್ನ ಭಾವನೆ. ಅವನ ಸಿನಿಮಾದಲ್ಲಿ ರಾಜ ಮಗಳಿಗೆ ಮುಂದಿನ ಕಾಲದ ಕವಿಗಳನ್ನು ಓದಿ ಹೇಳುತ್ತಾನೆ. ಅಪೊಲಿನೇರ್, ಕಾಕ್ತೋ! ಕೊನೆಯಲ್ಲಿ ಮದುವೆಗೆ ಕಿನ್ನರಿ ಬರುವುದು ಹೆಲಿಕಾಪ್ಟರಿನಲ್ಲಿ. ಹೊರಗಿನದು ಬಂದು ಒಳಗೆ ಕೂರುವುದೇ ಈ ಸಿನಿಮಾದ ಚಂದ. ಹೆಲಿಕಾಪ್ಟರಿಗೆ ಏನು ಹಾಕುತ್ತೀರಿ, ಹಾರುಗಾಡಿಯಾ?

ಧಾರವಾಡದಿಂದ

ಫ್ರೆಂಚರು ಸಾಲ ಮಾಡಿದರೆ ನಾವೂ ಮಾಡಬೇಕಾಗಿಲ್ಲ. ಅವರ ಭಾಷೆಗೆ ಹಿಂದೆ ರಾಜ್ಯ ಇದೆ, 1635ರಿಂದ ಅಕಾಡೆಮಿ ಇದೆ. ಒಂದು ಪದ ಸಾಲ ತಂದರೆ ಅವರ ಭಾಷೆ ಅಲ್ಲಾಡುವುದಿಲ್ಲ. ನಮ್ಮಲ್ಲಿ ಮಕ್ಕಳು ಬಣ್ಣಗಳ ಹೆಸರನ್ನೇ ಇಂಗ್ಲಿಷಿನಲ್ಲಿ ಕಲಿಯುತ್ತಿದ್ದಾರೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ.

ಶಿವಮೊಗ್ಗದಿಂದ

ಮಕ್ಕಳ ಬಗ್ಗೆ ನೀವು ಹೇಳಿದ್ದು ನಿಜ. ಆ ಸಂಕಟ ನನಗೂ ಇದೆ. ಆದರೆ ಅದಕ್ಕೆ ಮದ್ದು ಕೇಕನ್ನು ರೊಟ್ಟಿ ಎನ್ನುವುದಲ್ಲ. ರೊಟ್ಟಿ ಅಂದ ಕೂಡಲೇ ನೋಡುವವರ ಕಣ್ಣಿಗೆ ಜೋಳದ ರೊಟ್ಟಿ ಬರುತ್ತದೆ. ತೆರೆಯ ಮೇಲೆ ಅವಳು ಮೊಟ್ಟೆ ಒಡೆಯುತ್ತಿರುತ್ತಾಳೆ. ಅದರೊಳಗೆ ಉಂಗುರ ಬೇರೆ ಇರಬೇಕು. ತೆಳ್ಳನೆಯ ರೊಟ್ಟಿಯಲ್ಲಿ ಉಂಗುರ ಎಲ್ಲಿ ಅಡಗುತ್ತದೆ? ‘ಒಲವಿನ ಕೇಕ್’ ಎನ್ನಿ. ಒಲವು ನಿಮ್ಮದು, ಕೇಕ್ ಅವರದು.

ಪದ ಉಳಿಯುವುದು ಬಳಸಿದರೆ. ಒಂದೇ ಸಿನಿಮಾದಲ್ಲಿ ಮುಗಿಲು, ಬೆಳದಿಂಗಳು, ತೊಗಲು, ಒಲವು ಬಂದುಹೋದರೆ ಅದು ಕಡಿಮೆಯೇ?

ಧಾರವಾಡದಿಂದ

ಕಡಿಮೆಯಲ್ಲ. ಆದರೂ ಕೇಕಿಗೆ ನನ್ನ ಒಪ್ಪಿಗೆ ಇಲ್ಲ ಎಂದು ದಾಖಲಾಗಲಿ.

ಬೆಂಗಳೂರಿನಿಂದ

ಎಲ್ಲರಿಗೂ ವಂದನೆ. ಪೋಸ್ಟರ್ ಅಚ್ಚಿಗೆ ಹೋಯಿತು: ‘ಕತ್ತೆತೊಗಲಿ’. ಮುಗಿಲು, ಬೆಳದಿಂಗಳು, ಬಿಸಿಲು ಮೂರೂ ಫೈಲಿಗೆ ಸೇರಿವೆ. ‘ಒಲವಿನ ಕೇಕ್’ ಕೂಡ. ಧಾರವಾಡದವರು ಕ್ಷಮಿಸಬೇಕು, ಹಾಡಿನ ತಾಳಕ್ಕೆ ಅದೇ ಕೂರುತ್ತದೆ. ರಾಜನ ಮಾತನ್ನು ನೇರವಾಗಿಯೇ ಇಟ್ಟಿದ್ದೇನೆ.

ಇನ್ನೊಂದು ಉಳಿದಿದೆ. ಕಿನ್ನರಿ ಅವಳಿಗೆ ‘ಮಾರೆನ್’, ಅಂದರೆ ಚರ್ಚಿನಲ್ಲಿ ಹೆಸರಿಡುವಾಗ ತಾಯಿಯ ಜಾಗದಲ್ಲಿ ನಿಲ್ಲುವವಳು. ‘ಸಾಕುತಾಯಿ’ ತಪ್ಪಾಗುತ್ತದೆ, ಅವಳು ಸಾಕಿಲ್ಲ. ಕರಾವಳಿಯ ಕ್ರೈಸ್ತರ ಮನೆಗಳಲ್ಲಿ ಕನ್ನಡದಲ್ಲಿ ಮಾತಾಡುವಾಗ ಇದಕ್ಕೆ ಏನೆನ್ನುತ್ತಾರೆ? ಗೊತ್ತಿದ್ದವರು ಇವತ್ತು ರಾತ್ರಿಯೊಳಗೆ ಬರೆದರೆ ಉಪಕಾರ.