ಬಿ.ಟೆಕ್ ಮುಗಿಸಿ ಎಂಬಿಎ: ಕಾಸರಗೋಡಿನವರು ಯಾವ ಪರೀಕ್ಷೆ ಬರೆಯಬೇಕು, ಯಾವ ಕಾಗದ ಮಾಡಿಸಬೇಕು?

ಚೆರ್ಕಳ_ಮೆಕ್

ಮೆಕ್ಯಾನಿಕಲ್ ಕೊನೆಯ ವರ್ಷ, ಕೆಟಿಯು (ಕೇರಳದ ತಾಂತ್ರಿಕ ವಿಶ್ವವಿದ್ಯಾಲಯ). ಹತ್ತನೆಯ ತನಕ ಕನ್ನಡ ಮಾಧ್ಯಮ. ಎಂಬಿಎ ಮಾಡುವುದು ಖಚಿತ, ಯಾವ ದಾರಿಯಲ್ಲಿ ಹೋಗಬೇಕೆಂದು ಮಾತ್ರ ತಿಳಿಯುತ್ತಿಲ್ಲ. ಐಐಎಂಗಳು ನಡೆಸುವ ಕ್ಯಾಟ್, ಕೆಮ್ಯಾಟ್, ಕರ್ನಾಟಕದ ಪಿಜಿಸಿಇಟಿ, ಮೂರನ್ನೂ ಬರೆಯಬೇಕೇ? ಗಡಿನಾಡು ಕನ್ನಡಿಗರ ಲೆಕ್ಕದಲ್ಲಿ ಕರ್ನಾಟಕದ ಸರಕಾರಿ ಸೀಟಿಗೆ ಅರ್ಜಿ ಹಾಕಬಹುದೇ? ಮನೆಯಲ್ಲಿರುವ ಆಸ್ತಿಯೆಂದರೆ ಎರಡೂವರೆ ಎಕರೆ ಅಡಿಕೆ ತೋಟ. ಅದರ ಮೇಲೆ ಸಾಲ ಆದೀತೇ?

ಚಂದ್ರಗಿರಿ_ತೀರ

ಮೊದಲು ಒಂದು ಗೊಂದಲ ಬಿಡಿಸೋಣ. ಕೆಮ್ಯಾಟ್ ಎಂಬ ಹೆಸರಿನ ಪರೀಕ್ಷೆ ಎರಡುಂಟು. ಕೇರಳದ್ದನ್ನು ನಡೆಸುವುದು ಅಲ್ಲಿನ ಪ್ರವೇಶ ಪರೀಕ್ಷಾ ಆಯುಕ್ತರು. ಕರ್ನಾಟಕದ್ದು ಖಾಸಗಿ ಕಾಲೇಜುಗಳ ಸಂಘದ್ದು. ಒಂದರ ಅಂಕ ಇನ್ನೊಂದಕ್ಕೆ ನಡೆಯುವುದಿಲ್ಲ. ಗೂಗಲ್‌ನಲ್ಲಿ ಹುಡುಕಿ ಮೊದಲು ಸಿಕ್ಕಿದ ಫಾರಂ ತುಂಬಿದರೆ ಶುಲ್ಕ ಹೋಯಿತೆಂದೇ ಲೆಕ್ಕ.

ಕೇರಳದ ಕೆಮ್ಯಾಟ್‌ನಲ್ಲಿ 180 ಪ್ರಶ್ನೆ, ಎರಡೂವರೆ ಗಂಟೆ, ಸರಿಗೆ 4, ತಪ್ಪಿಗೆ 1 ಕಳೆತ, ಒಟ್ಟು 720. ಪಿಜಿಸಿಇಟಿಯಲ್ಲಿ 100 ಪ್ರಶ್ನೆ, ಎರಡು ಗಂಟೆ, ಕಳೆತ ಇಲ್ಲ. ಹಾಗಾಗಿ ಒಂದನ್ನೂ ಖಾಲಿ ಬಿಡಬಾರದು. ಎರಡರ ಲೆಕ್ಕವೂ ಇಂಗ್ಲಿಷೂ ಕ್ಯಾಟ್‌ಗಿಂತ ಹಗುರ. ಅದಕ್ಕೇ ಹೇಳುವುದು, ತಯಾರಿ ಕ್ಯಾಟ್‌ಗೆ ಮಾಡಿ. ಉಳಿದೆರಡಕ್ಕೆ ಸಾಮಾನ್ಯ ಜ್ಞಾನವನ್ನು ಕೊನೆಯ ತಿಂಗಳಲ್ಲಿ ಸೇರಿಸಿಕೊಂಡರೆ ಸಾಕು. ಕ್ಯಾಟ್ ಅಂಕ ಐಐಎಂಗಳಿಗೆ ಮಾತ್ರ ಅಲ್ಲ, ಕ್ಯಾಲಿಕಟ್ ಎನ್‌ಐಟಿಯ ಎಂಬಿಎಗೂ ಮಣಿಪಾಲದ ಟ್ಯಾಪ್ಮಿ ಕಾಲೇಜಿಗೂ ಆಗುತ್ತದೆ. ಕೇರಳದ ಕಾಲೇಜುಗಳಲ್ಲೂ ಕೆಮ್ಯಾಟ್ ಬದಲಿಗೆ ನಡೆಯುತ್ತದೆ.

ಕ್ಯಾಟ್ ಅರ್ಜಿ ಆಗಸ್ಟ್‌ನಲ್ಲಿ ತೆರೆದು ಸೆಪ್ಟೆಂಬರ್‌ನಲ್ಲಿ ಮುಚ್ಚುತ್ತದೆ. ಪರೀಕ್ಷೆ ನವೆಂಬರ್ ಕೊನೆಯ ಭಾನುವಾರದ ಹೊತ್ತಿಗೆ. ಊರಿನ ಆಯ್ಕೆಯಲ್ಲಿ ಮಂಗಳೂರನ್ನು ಮೊದಲು ಹಾಕಿ. ಬೆಳಿಗ್ಗೆ 8.30ರದ್ದೋ, ಮಧ್ಯಾಹ್ನದ್ದೋ, ಸಂಜೆಯದ್ದೋ ಎಂಬುದು ನಮ್ಮ ಕೈಯಲ್ಲಿಲ್ಲ. ಬೆಳಗ್ಗಿನದು ಬಂದರೆ ಆ ದಿನ ಹೊರಟು ತಲಪಾಡಿ ಗಡಿ ದಾಟುವ ಸಾಹಸ ಬೇಡ, ಹಿಂದಿನ ರಾತ್ರಿಯೇ ಮಂಗಳೂರು ಸೇರಿ. ಗೇಟು ಮುಚ್ಚಿದ ಮೇಲೆ ಯಾರನ್ನೂ ಒಳಗೆ ಬಿಡುವುದಿಲ್ಲ.

ಪಯಸ್ವಿನಿ

ಕಾಗದಪತ್ರದ ವಿಷಯ ಹೇಳುತ್ತೇನೆ. ನಮ್ಮ ಕಡೆಯವರು ಸೀಟು ಕಳೆದುಕೊಳ್ಳುವುದು ಅಂಕದಿಂದ ಎಷ್ಟೋ, ಕಾಗದದಿಂದಲೂ ಅಷ್ಟೇ.

ಕರ್ನಾಟಕದ ಸರಕಾರಿ ಸೀಟು: ಪಿಜಿಸಿಇಟಿ ನಡೆಸುವ ಕೆಇಎಯ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ನಿಯಮದಲ್ಲಿ ಗಡಿನಾಡಿಗೆಂದೇ ಒಂದು ಕಲಂ ಉಂಟು. ಕೇರಳದ ಕಾಸರಗೋಡು, ಹೊಸದುರ್ಗ, ಮಂಜೇಶ್ವರ ಮತ್ತು ಮಹಾರಾಷ್ಟ್ರದ ದಕ್ಷಿಣ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ, ಗಡಹಿಂಗ್ಲಜ ತಾಲೂಕುಗಳವರಿಗೆ ಅದು ಅನ್ವಯ. ಮಾತೃಭಾಷೆ ಕನ್ನಡ, ತುಳು ಅಥವಾ ಕೊಡವ ಆಗಿರಬೇಕು, ಆ ತಾಲೂಕುಗಳಲ್ಲಿ ವಾಸವಿದ್ದು ಓದಿದ ದಾಖಲೆ ಬೇಕು. ಅದರ ಮೇಲೆ ಕೆಇಎ ನಡೆಸುವ ಕನ್ನಡ ಪರೀಕ್ಷೆ ಪಾಸಾಗಬೇಕು. ಮಟ್ಟ ನಾಲ್ಕನೇ ತರಗತಿಯದ್ದು. ನಿಮಗೆ ಕಷ್ಟವಾಗದು. ಮಲಯಾಳ ಮಾಧ್ಯಮದಲ್ಲಿ ಓದಿ ಮನೆಯಲ್ಲಿ ಮಾತ್ರ ಕನ್ನಡ ಆಡುವವರು ಒತ್ತಕ್ಷರಗಳನ್ನು ಕೈಯಲ್ಲಿ ಬರೆದೇ ಅಭ್ಯಾಸ ಮಾಡಬೇಕು. ಓದಲು ಬಂದವರಿಗೂ ‘ರಾಷ್ಟ್ರ’, ‘ಸ್ವಾತಂತ್ರ್ಯ’ ಬರೆಯುವಾಗ ಕೈ ತಡವರಿಸುತ್ತದೆ. ಅರ್ಜಿಯಲ್ಲಿ ಈ ಕಲಮನ್ನು ಗುರುತಿಸದಿದ್ದರೆ ತಂತ್ರಾಂಶ ನಿಮ್ಮನ್ನು ಹೊರರಾಜ್ಯದವರ ಸಾಲಿಗೆ ತಳ್ಳುತ್ತದೆ. ಆ ವರ್ಷದ ಬ್ರೋಷರ್‌ನಲ್ಲಿ ಕಲಮಿನ ಅಕ್ಷರ ಯಾವುದೆಂದು ನೋಡಿಕೊಂಡೇ ತುಂಬಿ. ಪಾಣತ್ತೂರು ಕಡೆಯವರಿಗೆ ಇನ್ನೊಂದು ತೊಡಕು: ಈಗ ಅವರ ತಾಲೂಕು ವೆಳ್ಳರಿಕುಂಡು, ಅದು ಹೊಸದುರ್ಗದಿಂದ ಒಡೆದು ಆದದ್ದು. ಹಾಗೆಂದು ತಹಶೀಲ್ದಾರರಿಂದ ಬರೆಸಿಕೊಂಡು ಜೊತೆಗಿಡಿ.

ಹೆಸರು: ಕೇರಳದ ಎಸ್‌ಎಸ್‌ಎಲ್‌ಸಿ ಪುಸ್ತಕದಲ್ಲಿ ಇನಿಷಿಯಲ್ ಹೆಸರಿನ ಕೊನೆಗೆ ಬರುತ್ತದೆ, ಆಧಾರ್‌ನಲ್ಲಿ ಅದೇ ಬಿಡಿಸಿಕೊಂಡು ಮನೆತನದ ಹೆಸರಾಗಿರುತ್ತದೆ. ಇಬ್ಬರೂ ಒಬ್ಬರೇ ಎಂಬ ಸರ್ಟಿಫಿಕೇಟನ್ನು ಇ-ಡಿಸ್ಟ್ರಿಕ್ಟ್ ಮೂಲಕ ಈಗಲೇ ಮಾಡಿಸಿಡಿ.

ಐಐಎಂಗೆ ಮೀಸಲಾತಿ ಇದ್ದರೆ ಸರ್ಟಿಫಿಕೇಟ್ ಕೇಂದ್ರದ ನಮೂನೆಯದ್ದೇ ಬೇಕು. ಒಬಿಸಿ ಪಟ್ಟಿ ರಾಜ್ಯ ರಾಜ್ಯಕ್ಕೆ ಬೇರೆ. ಸುಳ್ಯದ ನೆಂಟರ ಜಾತಿ ಕರ್ನಾಟಕದ ಪಟ್ಟಿಯಲ್ಲಿದೆ ಎಂದು ಕೇರಳದವರಿಗೆ ಅದು ದಕ್ಕುವುದಿಲ್ಲ. ಇಡಬ್ಲ್ಯುಎಸ್ (ಆರ್ಥಿಕವಾಗಿ ಹಿಂದುಳಿದವರ) ಮೀಸಲಾತಿಗೆ ಕೇಂದ್ರದ ಮಾನದಂಡದಲ್ಲಿ ಮನೆಯ ಆದಾಯ ವರ್ಷಕ್ಕೆ 8 ಲಕ್ಷದ ಒಳಗಿರಬೇಕು, ಕೃಷಿಭೂಮಿ 5 ಎಕರೆ ಮುಟ್ಟಬಾರದು. ಅಡಿಕೆಯ ಆದಾಯವೂ ಈ ಲೆಕ್ಕದೊಳಗೇ. ಕೇರಳ ಸರಕಾರದ ಇಡಬ್ಲ್ಯುಎಸ್ ಮಾನದಂಡ ಬೇರೆ. ಆ ಸರ್ಟಿಫಿಕೇಟ್ ಐಐಎಂಗೆ ನಡೆಯದು.

ಚೆರ್ಕಳ_ಮೆಕ್

ಕನ್ನಡ ಪರೀಕ್ಷೆಯ ವಿಷಯ ಗೊತ್ತೇ ಇರಲಿಲ್ಲ, ಉಪಕಾರ ಆಯಿತು. ಮಾಕ್ ಪರೀಕ್ಷೆಗಳಲ್ಲಿ ಲೆಕ್ಕ ಪರವಾಗಿಲ್ಲ, ಇಂಗ್ಲಿಷ್ ಭಾಗ ಪ್ರತಿ ಸಲ ಕೈ ಕೊಡುತ್ತಿದೆ. ಸಪ್ಲಿಯೂ (ಫೇಲಾದ ಪೇಪರ್) ಒಂದು ಬಾಕಿ ಉಂಟು.

ಸೀತಾಂಗೋಳಿ_ಕ್ವಾಂಟ್

ಇಂಜಿನಿಯರುಗಳು ಬೀಳುವ ಜಾಗವೇ ಅದು. ಕ್ಯಾಟ್‌ನ ಮೂರು ವಿಭಾಗಕ್ಕೂ ತಲಾ 40 ನಿಮಿಷ. ಒಂದರ ಸಮಯ ಇನ್ನೊಂದಕ್ಕೆ ಸಾಲ ಸಿಗುವುದಿಲ್ಲ. 2024ರಲ್ಲಿ 68 ಪ್ರಶ್ನೆ ಇತ್ತು: ಇಂಗ್ಲಿಷ್ 24, ಡೇಟಾ ಮತ್ತು ತರ್ಕ 22, ಲೆಕ್ಕ 22. ಪ್ರತಿ ವಿಭಾಗಕ್ಕೂ ಬೇರೆ ಕಟ್‌ಆಫ್ ಇರುವುದರಿಂದ ಲೆಕ್ಕದಲ್ಲಿ 99 ಪರ್ಸೆಂಟೈಲ್ ಬಂದರೂ ಇಂಗ್ಲಿಷ್‌ನಲ್ಲಿ ಸೋತರೆ ಸಂದರ್ಶನದ ಕರೆ ಬರದು.

24ರಲ್ಲಿ 16 ಪ್ರಶ್ನೆ ನಾಲ್ಕು ಗದ್ಯಭಾಗಗಳ ಮೇಲೆ. ಕನ್ನಡ ಮಾಧ್ಯಮದವರು ಮಾಡುವ ತಪ್ಪು ಶಬ್ದಕೋಶ ಉರುಹೊಡೆಯುವುದು. ಅರ್ಥ ಗೊತ್ತಿಲ್ಲದ ಪದ ಗದ್ಯದಲ್ಲಿ ನಾಲ್ಕೈದು ಇದ್ದೇ ಇರುತ್ತದೆ, ಪ್ರಶ್ನೆ ಕೇಳುವುದು ವಾದದ ಮೇಲೆ. ದಿನಕ್ಕೆ ಎರಡು ಗದ್ಯ ತೆಗೆದುಕೊಳ್ಳಿ, ತಲಾ 500 ಪದದ್ದು. ಪ್ಯಾರಾ ಮುಗಿದ ಕೂಡಲೇ ನಿಂತು, ‘ಇವನು ಇಲ್ಲಿ ಏನು ಹೇಳಿದ?’ ಎಂದು ಒಂದೇ ಸಾಲಿನಲ್ಲಿ ಕನ್ನಡದಲ್ಲೇ ಬರೆಯಿರಿ. ಬರೆಯಲು ಬರಲಿಲ್ಲವೆಂದರೆ ಓದಿದ್ದು ತಲೆಗೆ ಹೋಗಿಲ್ಲ. ಎರಡು ತಿಂಗಳಾದ ಮೇಲೆ ಬರೆಯುವುದು ನಿಲ್ಲಿಸಿ, ಮನಸ್ಸಿನಲ್ಲೇ ಹೇಳಿಕೊಳ್ಳಿ. ಒಂದು ಗದ್ಯಕ್ಕೆ ಪ್ರಶ್ನೆ ಸೇರಿ 8ರಿಂದ 9 ನಿಮಿಷ. ನಾಲ್ಕನ್ನೂ ಮುಟ್ಟಲೇಬೇಕೆಂದಿಲ್ಲ; ಮೂರನ್ನು ಶುದ್ಧವಾಗಿ ಮಾಡಿದವನು ಮುಂದೆ ಬರುತ್ತಾನೆ, ಯಾಕೆಂದರೆ ಸರಿಗೆ 3 ಸಿಕ್ಕರೆ ತಪ್ಪಿಗೆ 1 ಹೋಗುತ್ತದೆ. ಉತ್ತರ ಟೈಪ್ ಮಾಡುವ ಪ್ರಶ್ನೆಗಳಿಗೆ ಕಳೆತ ಇಲ್ಲ, ಅವನ್ನು ಬಿಡಬೇಡಿ.

ಸಪ್ಲಿ ತೀರಿಸಿಯೇ ಬಿಡಿ. ಕೊನೆಯ ವರ್ಷದವರು ಕ್ಯಾಟ್ ಬರೆಯಬಹುದು. ಆದರೆ ಡಿಗ್ರಿಗೆ ಬೇಕಾದದ್ದೆಲ್ಲ ಮುಗಿಸಿದ್ದೇನೆಂದು ಜೂನ್ 30ರ ಒಳಗೆ ಪ್ರಿನ್ಸಿಪಾಲರ ಅಥವಾ ರಿಜಿಸ್ಟ್ರಾರರ ಪತ್ರ ಕೊಡಬೇಕು. ಬಾಕಿ ಪೇಪರಿನ ಪರೀಕ್ಷೆ ಆ ದಿನಾಂಕ ದಾಟಿ ಬಂದರೆ ಸಿಕ್ಕಿದ ಸೀಟೇ ಹೋಗುತ್ತದೆ. ಸಿಜಿಪಿಎಯನ್ನು ಶೇಕಡಾಕ್ಕೆ ತಿರುಗಿಸುವಾಗಲೂ ಸುಮ್ಮನೆ ಹತ್ತರಿಂದ ಗುಣಿಸಬೇಡಿ, ವಿಶ್ವವಿದ್ಯಾಲಯದ ಸೂತ್ರವನ್ನೇ ಹಾಕಿ.

ಬದಿಯಡ್ಕ_ಲೆಕ್ಕಪತ್ರ

ಸಾಲದ ವಿಷಯ. ತೋಟವನ್ನು ಒತ್ತೆ ಇಡುವ ಯೋಚನೆ ಮೊದಲು ಬಿಡಿ. ಬ್ಯಾಂಕ್ ಸಾಲ ವಸೂಲಿಯ ಸರ್ಫೇಸಿ ಕಾಯ್ದೆಯ 31ನೇ ಕಲಮಿನ ಪ್ರಕಾರ ಕೃಷಿಭೂಮಿಯನ್ನು ಬ್ಯಾಂಕ್ ಆ ಕಾಯ್ದೆಯಡಿ ವಶಪಡಿಸಿಕೊಳ್ಳುವಂತಿಲ್ಲ. ಆದ್ದರಿಂದ ಶಿಕ್ಷಣ ಸಾಲಕ್ಕೆ ತೋಟವನ್ನು ಜಾಮೀನಾಗಿ ಒಪ್ಪಲು ಮ್ಯಾನೇಜರು ಹಿಂದೇಟು ಹಾಕುತ್ತಾರೆ. ಮನೆ ಇರುವ ಜಾಗದ ತಂಡಪೇರು (ಕಂದಾಯ ಖಾತೆ ಸಂಖ್ಯೆ) ಬೇರೆಯೇ ಇದ್ದರೆ ಅದು ಉಪಯೋಗಕ್ಕೆ ಬಂದೀತು.

ಒಳ್ಳೆಯ ಸಂಸ್ಥೆಯಲ್ಲಿ ಮೆರಿಟ್ ಸೀಟು ಸಿಕ್ಕರೆ ಜಾಮೀನಿನ ಪ್ರಶ್ನೆಯೇ ಹೆಚ್ಚಾಗಿ ಬರುವುದಿಲ್ಲ. 2024ರಲ್ಲಿ ಬಂದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಲ್ಲಿ ಪಟ್ಟಿಯಲ್ಲಿರುವ ಸಂಸ್ಥೆಗಳಿಗೆ ಜಾಮೀನಿಲ್ಲದೆ ಸಾಲ ಉಂಟು. ಮನೆಯ ಆದಾಯ 8 ಲಕ್ಷದೊಳಗಿದ್ದು ಬೇರೆ ಸರಕಾರಿ ವಿದ್ಯಾರ್ಥಿವೇತನವೋ ಬಡ್ಡಿ ರಿಯಾಯಿತಿಯೋ ಇಲ್ಲದವರಿಗೆ, 10 ಲಕ್ಷದವರೆಗಿನ ಸಾಲಕ್ಕೆ ಶೇ. 3 ಬಡ್ಡಿ ರಿಯಾಯಿತಿ. ಮ್ಯಾನೇಜ್‌ಮೆಂಟ್ ಕೋಟಾಕ್ಕೆ ಇದು ಇಲ್ಲ.

ಹಳೆಯ ಐಐಎಂಗಳ ಶುಲ್ಕ 20 ಲಕ್ಷ ದಾಟಿದೆ. ವರ್ಷಕ್ಕೆ 10ರಂತೆ 20 ಲಕ್ಷ, ಶೇ. 9 ಸರಳ ಬಡ್ಡಿ ಎಂದಿಟ್ಟುಕೊಳ್ಳಿ. ಕೋರ್ಸಿನ ಎರಡು ವರ್ಷ, ಮೇಲೊಂದು ವರ್ಷ ಕಂತು ಇಲ್ಲ, ಆದರೆ ಬಡ್ಡಿ ಓಡುತ್ತಲೇ ಇರುತ್ತದೆ. ಮೂರು ವರ್ಷಕ್ಕೆ ಅದೇ ಸುಮಾರು ನಾಲ್ಕೂವರೆ ಲಕ್ಷ. 24.5 ಲಕ್ಷವನ್ನು ಹತ್ತು ವರ್ಷದಲ್ಲಿ ತೀರಿಸಲು ತಿಂಗಳಿಗೆ ಹತ್ತಿರ ಹತ್ತಿರ 31,000. ಓದುವಾಗಲೇ ಬಡ್ಡಿ ಕಟ್ಟುತ್ತ ಬಂದರೆ ಕಂತು 25,300ಕ್ಕೆ ಇಳಿಯುತ್ತದೆ. ಅಡಿಕೆ ಮಾರಿದ ದುಡ್ಡು ಕೈಗೆ ಬಂದಾಗ ಬಡ್ಡಿಗೆಂದು ಒಂದು ಪಾಲು ತೆಗೆದಿಡಲು ಮನೆಯವರಿಗೆ ಈಗಲೇ ಹೇಳಿ.

ಯಾವ ಕಾಲೇಜೇ ಆದರೂ, ಸೇರುವ ಮೊದಲು ಹೋದ ವರ್ಷದ ಪ್ಲೇಸ್‌ಮೆಂಟ್ ವರದಿ ತರಿಸಿ ಮೀಡಿಯನ್ ಸಂಬಳ (ಎಲ್ಲರ ಸಂಬಳ ಸಾಲಾಗಿ ಇಟ್ಟರೆ ಸರಿ ನಡುವಿನದ್ದು) ನೋಡಿ, ಸರಾಸರಿ ಅಲ್ಲ. ಇಬ್ಬರಿಗೆ ದೊಡ್ಡ ಸಂಬಳ ಸಿಕ್ಕರೂ ಸರಾಸರಿ ಉಬ್ಬುತ್ತದೆ. ಮೀಡಿಯನ್‌ನಲ್ಲಿ ತೆರಿಗೆ ಕಳೆದು ತಿಂಗಳಿಗೆ ಕೈಗೆ ಬರುವ ಹಣದ ಮೂರನೇ ಒಂದಂಶಕ್ಕಿಂತ ಕಂತು ಹೆಚ್ಚಾದರೆ ಆ ಸೀಟು ಬಿಟ್ಟು, ಪಿಜಿಸಿಇಟಿಯ ಸರಕಾರಿ ಸೀಟೋ ಎರಡು ವರ್ಷ ಕೆಲಸ ಮಾಡಿ ಮತ್ತೊಮ್ಮೆ ಕ್ಯಾಟ್ ಬರೆಯುವುದೋ ಉತ್ತಮ ಎಂಬುದು ನನ್ನ ಅಭಿಪ್ರಾಯ.