ಹಿಂಸೆಯ ವಿಡಿಯೊ ಗೇಮ್ ಆಡುವ ಮಕ್ಕಳು ಆಕ್ರಮಣಕಾರಿಗಳಾಗುತ್ತಾರೆಯೇ? ಮಕ್ಕಳ ಮನೋವೈದ್ಯರೊಂದಿಗೆ ಪ್ರಶ್ನೋತ್ತರ

ಪ್ರಶ್ನೆ (ಒಬ್ಬ ತಾಯಿ, ಹಾವೇರಿ):
ನಮಸ್ಕಾರ ಡಾಕ್ಟರೇ. ನನ್ನ ಮಗನಿಗೆ ಹದಿಮೂರು ವರ್ಷ. ಶಾಲೆಯಿಂದ ಬಂದೊಡನೆ ಫೋನಿನಲ್ಲಿ ಬಿಜಿಎಂಐ ಎಂಬ ಗುಂಡು ಹಾರಿಸುವ ಆನ್‌ಲೈನ್ ಆಟ ಆಡಲು ಕೂರುತ್ತಾನೆ. ಊಟಕ್ಕೆ ಕರೆದರೂ ಬಾರದಿದ್ದಾಗ ಫೋನ್ ಕಿತ್ತುಕೊಂಡರೆ ಕಿರುಚುತ್ತಾನೆ, ದಡಾರನೆ ಬಾಗಿಲು ಹಾಕಿಕೊಳ್ಳುತ್ತಾನೆ. ಮೊನ್ನೆ ಬಡಿಸಿಟ್ಟ ತಟ್ಟೆಯನ್ನೇ ತಳ್ಳಿದ. 2019ರಲ್ಲಿ ಬೆಳಗಾವಿ ಬಳಿ ಮೊಬೈಲ್ ಗೇಮಿನ ವಿಷಯಕ್ಕೆ ಜಗಳವಾಗಿ ಮಗನೇ ತಂದೆಯನ್ನು ಕೊಂದನೆಂಬ ಸುದ್ದಿ ಓದಿದಂದಿನಿಂದ ನನಗೆ ಒಳಗೊಳಗೇ ಭಯ. ದಿನವೂ ಗುಂಡು ಹಾರಿಸುವ ಆಟ ಆಡುತ್ತಿದ್ದರೆ ಮಗುವಿನ ಸ್ವಭಾವವೇ ಕ್ರೂರವಾಗಿಬಿಡುತ್ತದೆಯೇ?

ಉತ್ತರ:
ನಮಸ್ಕಾರ ಅಮ್ಮ. ಆಟದಲ್ಲಿ ಗುಂಡು ಹಾರಿಸಿದ ಮಾತ್ರಕ್ಕೆ ಮಗು ಕ್ರೂರವಾಗುತ್ತದೆ ಎನ್ನಲು ಆಧಾರವಿಲ್ಲ. ಆದರೆ ನಿಮ್ಮ ಮನೆಯಲ್ಲಿ ನಡೆಯುತ್ತಿರುವ ಜಗಳ ನಿಜವಾದದ್ದು, ಅದಕ್ಕೆ ಪರಿಹಾರವೂ ಬೇಕು. ಹಾಗಾಗಿ ಈ ಎರಡನ್ನೂ ಬೇರೆ ಬೇರೆಯಾಗಿ ನೋಡೋಣ.

ಸಂಶೋಧಕರು ಈ ವಿಷಯದಲ್ಲಿ ದಶಕಗಳಿಂದ ವಾದಿಸುತ್ತಿದ್ದಾರೆ. 2018ರಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆಯು ಮಕ್ಕಳನ್ನು ಕಾಲದಿಂದ ಕಾಲಕ್ಕೆ ಗಮನಿಸಿದ್ದ 24 ಅಧ್ಯಯನಗಳನ್ನು, ಅಂದರೆ 17,000ಕ್ಕೂ ಹೆಚ್ಚು ಮಕ್ಕಳ ಮಾಹಿತಿಯನ್ನು ಒಟ್ಟುಗೂಡಿಸಿ ನೋಡಿ, ಹಿಂಸೆಯ ಗೇಮ್‌ಗಳಿಗೂ ನಂತರದ ದಿನಗಳ ಹೊಡೆದಾಟಕ್ಕೂ ನಂಟಿದೆ ಎಂದಿತು. ಆದರೆ ಬೇರೆ ಕಾರಣಗಳನ್ನೂ ಲೆಕ್ಕಕ್ಕೆ ಹಿಡಿದಾಗ ಆ ನಂಟು ತೀರಾ ಸಣ್ಣದು: ಮಕ್ಕಳ ನಡವಳಿಕೆಯ ವ್ಯತ್ಯಾಸದಲ್ಲಿ ಶೇ 1ರಷ್ಟನ್ನೂ ಅದು ವಿವರಿಸುವುದಿಲ್ಲ. ಮರುವರ್ಷ ಆಕ್ಸ್‌ಫರ್ಡ್‌ನ ಸಂಶೋಧಕರು ಬ್ರಿಟನ್ನಿನ 14–15 ವರ್ಷದ ಸುಮಾರು 1,000 ಮಕ್ಕಳನ್ನು ಅಧ್ಯಯನ ಮಾಡಿದರು. ಮಗುವಿನ ಆಕ್ರಮಣಶೀಲತೆಯ ಬಗ್ಗೆ ಮಗುವನ್ನೇ ಕೇಳದೆ ಪೋಷಕರನ್ನು ಕೇಳಿದರು, ಆಟ ಎಷ್ಟು ಹಿಂಸಾತ್ಮಕ ಎಂಬುದನ್ನು ಅಧಿಕೃತ ವಯೋಮಿತಿಯ ಶ್ರೇಣಿಯಿಂದ ನಿರ್ಧರಿಸಿದರು, ಫಲಿತಾಂಶ ನೋಡಿ ಬದಲಿಸದಂತೆ ವಿಶ್ಲೇಷಣೆಯ ವಿಧಾನವನ್ನು ಮೊದಲೇ ದಾಖಲಿಸಿಟ್ಟರು. ಅವರಿಗೆ ಯಾವ ನಂಟೂ ಕಾಣಲಿಲ್ಲ. ಮುನ್ನೆಚ್ಚರಿಕೆಗಳು ಇಷ್ಟು ಬಿಗಿಯಾಗಿದ್ದುದರಿಂದ ನಾನು ಈ ಅಧ್ಯಯನಕ್ಕೆ ಹೆಚ್ಚು ಬೆಲೆ ಕೊಡುತ್ತೇನೆ. ಅಮೆರಿಕದ ಮನೋವಿಜ್ಞಾನಿಗಳ ಸಂಘವಾದ ಅಮೆರಿಕನ್ ಸೈಕಲಾಜಿಕಲ್ ಅಸೋಸಿಯೇಷನ್ ಕೂಡ ಈ ಕುರಿತ 2015ರ ತನ್ನ ನಿರ್ಣಯವನ್ನು 2020ರಲ್ಲಿ ಪರಿಷ್ಕರಿಸಿ, ಕಿರುಚುವುದು, ತಳ್ಳುವುದು ಮುಂತಾದ ವರ್ತನೆಗಳೊಂದಿಗೆ ಸಣ್ಣ ನಂಟಿದ್ದರೂ, ಗಂಭೀರ ಹಿಂಸಾಕೃತ್ಯಗಳಿಗೆ ಗೇಮ್ ಕಾರಣವೆನ್ನಲು ಸಾಕಷ್ಟು ಪುರಾವೆಯಿಲ್ಲವೆಂದು ಸ್ಪಷ್ಟಪಡಿಸಿತು.

ಪ್ರಯೋಗಾಲಯದಲ್ಲಿ 'ಆಕ್ರಮಣಶೀಲತೆ'ಯನ್ನು ಅಳೆಯುವ ಬಗೆಯೂ ನಿಮಗೆ ತಿಳಿದಿರಲಿ. ಆಟವಾಡಿದವರು ಎದುರಾಳಿಯ ಕಿವಿಗೆ ಎಷ್ಟು ಜೋರಾದ ಸದ್ದು ಕೇಳಿಸುತ್ತಾರೆ, ಇನ್ನೊಬ್ಬರ ತಿಂಡಿಗೆ ಎಷ್ಟು ಖಾರದ ಸಾಸ್ ಹಾಕುತ್ತಾರೆ ಎಂದು ನೋಡುವ ಪ್ರಯೋಗಗಳೇ ಬಹಳ. ಇವುಗಳಿಂದ ಗಳಿಗೆಯ ಸಿಡುಕು ತಿಳಿದೀತು. ಒಬ್ಬ ಹುಡುಗ ಮುಂದೆ ಎಂಥವನಾಗುತ್ತಾನೆ ಎಂಬುದು ತಿಳಿಯುವುದಿಲ್ಲ.

ಇನ್ನು ನಿಮ್ಮ ಮನೆಯ ವಿಷಯ. ಬಿಜಿಎಂಐನ ಒಂದು ಪೂರ್ಣ ಪಂದ್ಯಕ್ಕೆ ಸುಮಾರು ಅರ್ಧ ಗಂಟೆ ಬೇಕು. ಆನ್‌ಲೈನ್ ಪಂದ್ಯವಾದ್ದರಿಂದ ಅದನ್ನು ನಡುವೆ ನಿಲ್ಲಿಸಿಡಲು ಆಗುವುದಿಲ್ಲ. ಕೊನೆಯ ಕೆಲವೇ ಆಟಗಾರರು ಉಳಿದು ಆಟದೊಳಗಿನ ಸುರಕ್ಷಿತ ವೃತ್ತ ಕಿರಿದಾಗುತ್ತಿರುವಾಗ, ಇಯರ್‌ಫೋನಿನಲ್ಲಿ ಮೂವರು ಗೆಳೆಯರು ಇವನನ್ನೇ ನೆಚ್ಚಿಕೊಂಡು ಕೂಗುತ್ತಿರುವಾಗ ಫೋನ್ ಕೈತಪ್ಪಿದರೆ, ತಂಡ ಸೋಲುತ್ತದೆ, ಗಳಿಸಿದ ಅಂಕಗಳೂ ಹೋಗುತ್ತವೆ, ಮರುದಿನ ತರಗತಿಯಲ್ಲಿ ಬೈಗುಳ ಕೇಳಬೇಕಾಗುತ್ತದೆ. ಆ ಸಿಟ್ಟು ಬಂದೂಕಿನಿಂದ ಬಂದದ್ದಲ್ಲ, ಆಟ ಅರ್ಧಕ್ಕೆ ತಪ್ಪಿದ ಹತಾಶೆಯಿಂದ ಬಂದದ್ದು. 2014ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಬೀಳುವ ತುಂಡುಗಳನ್ನು ಜೋಡಿಸುವ, ಹಿಂಸೆಯ ಸುಳಿವೇ ಇಲ್ಲದ ಟೆಟ್ರಿಸ್ ಆಟವನ್ನು ಬೇಕೆಂದೇ ಕಿರಿಕಿರಿಯಾಗುವಂತೆ ಬದಲಿಸಿ ಕೊಟ್ಟಾಗಲೂ ಆಡಿದವರಲ್ಲಿ ಆಕ್ರಮಣದ ಭಾವ ಹೆಚ್ಚಿತ್ತು. ಆದ್ದರಿಂದ ಸಮಯವನ್ನು ನಿಮಿಷಗಳಲ್ಲಿ ಲೆಕ್ಕ ಹಾಕದೆ ಪಂದ್ಯಗಳಲ್ಲಿ ಲೆಕ್ಕ ಹಾಕಿ. 'ಎಂಟೂವರೆಗೆ ಊಟ, ಎಂಟರ ನಂತರ ಹೊಸ ಪಂದ್ಯ ಶುರುಮಾಡುವಂತಿಲ್ಲ' ಎಂದು ಅವನೊಂದಿಗೆ ಕೂತು ಒಪ್ಪಂದ ಮಾಡಿಕೊಳ್ಳಿ. ಒಪ್ಪಂದ ಮುರಿದರೆ ಫೋನ್ ಕಸಿಯಬೇಡಿ. ಮರುದಿನ ಒಂದು ಪಂದ್ಯ ಕಡಿಮೆ ಮಾಡಿ. ರಾತ್ರಿ ಫೋನ್ ಅವನ ಕೋಣೆಯಲ್ಲಿ ಇರಬಾರದು, ಈ ವಿಷಯದಲ್ಲಿ ಮಾತ್ರ ರಾಜಿ ಬೇಡ. ನಿದ್ದೆಗೆಟ್ಟ ಮಗು ಯಾವ ಆಟ ಆಡದಿದ್ದರೂ ಸಿಡುಕುತ್ತದೆ.

ಬೆಳಗಾವಿಯಂಥ ಘಟನೆಗಳು ಅತಿ ವಿರಳ. ಅವುಗಳ ಹಿಂದೆ ಮಾನಸಿಕ ಅನಾರೋಗ್ಯ, ಮನೆಯೊಳಗಿನ ಹಳೆಯ ಕಲಹ ಇತ್ಯಾದಿ ಹಲವು ಕಾರಣಗಳು ಹೆಣೆದುಕೊಂಡಿರಬಹುದು. ಸುದ್ದಿಯ ತಲೆಬರಹದಲ್ಲಿ ಗೇಮಿನ ಹೆಸರೊಂದೇ ಉಳಿದುಬಿಡುತ್ತದೆ.

ಪ್ರಶ್ನೆ (ಪ್ರಾಥಮಿಕ ಶಾಲೆಯ ಶಿಕ್ಷಕರು):
ಸರ್, ನಿಮ್ಮ ಮಾತನ್ನು ಪೂರ್ತಿ ಒಪ್ಪಲಾಗುತ್ತಿಲ್ಲ. ನಮ್ಮ ಮೂರನೆಯ ತರಗತಿಯ ಹುಡುಗರು ಬಿಡುವಿನಲ್ಲಿ ಸ್ಕೇಲನ್ನೇ ಬಂದೂಕು ಮಾಡಿಕೊಂಡು 'ಹೆಡ್‌ಶಾಟ್' (ತಲೆಗೇ ಗುಂಡು) ಎಂದು ಕೂಗುತ್ತ ಒಬ್ಬರ ಮೇಲೊಬ್ಬರು ಬೀಳುತ್ತಾರೆ. ಇದು ಗೇಮಿನಿಂದ ಕಲಿತದ್ದಲ್ಲವೇ?

ಉತ್ತರ:
ಕಲಿತದ್ದು ಅಲ್ಲಿಂದಲೇ, ಸರ್. ಮಾತು, ಅಭಿನಯ ಎರಡನ್ನೂ ಮಕ್ಕಳು ತಾವು ಕಂಡದ್ದರಿಂದ ಎತ್ತಿಕೊಳ್ಳುತ್ತಾರೆ. ಹಿಂದಿನವರು ಬಯಲಾಟ ನೋಡಿ ಬಂದು ಕೋಲು ಹಿಡಿದು ಕುಣಿದ ಹಾಗೆ. ನೀವು ಗಮನಿಸಬೇಕಾದದ್ದು ಅವರ ಮುಖಗಳನ್ನು. ನಗುತ್ತಿದ್ದಾರೆಯೇ, ಸತ್ತವನು ಎದ್ದು ತಾನೂ ಹೊಡೆಯುವ ಸರದಿ ಪಡೆಯುತ್ತಾನೆಯೇ, ಗಂಟೆ ಬಾರಿಸಿದ ಮೇಲೆ ಹೆಗಲ ಮೇಲೆ ಕೈ ಹಾಕಿಕೊಂಡು ಒಳಗೆ ಬರುತ್ತಾರೆಯೇ? ಹಾಗಿದ್ದರೆ ಅದು ಆಟ. ಪ್ರತಿದಿನವೂ ಒಬ್ಬನೇ ಕೆಳಗೆ ಬೀಳುತ್ತಿದ್ದರೆ, ಅವನ ಮುಖದಲ್ಲಿ ನಗುವಿಲ್ಲದಿದ್ದರೆ, ಅದು ಪೀಡನೆ. ಅದನ್ನು ಅಂದೇ ತಡೆಯಬೇಕು.

ಆದರೆ ನಿಮ್ಮ ಆತಂಕದಲ್ಲಿ ಹುರುಳಿದೆ. ಎಂಟು ವರ್ಷದ ಮಕ್ಕಳು ಈ ಆಟಗಳನ್ನು ಆಡಲೇಬಾರದು. ಅಪರಾಧ, ಹೊಡೆದಾಟಗಳೇ ತುಂಬಿದ ಜಿಟಿಎ 5ರಂಥ (ಗ್ರ್ಯಾಂಡ್ ಥೆಫ್ಟ್ ಆಟೊ) ಆಟಕ್ಕೆ ಯುರೋಪಿನಲ್ಲಿ 18 ವರ್ಷದ ಮಿತಿಯಿದೆ. ಬಿಜಿಎಂಐ 2021ರಲ್ಲಿ ಬಂದಾಗ 18 ವರ್ಷದೊಳಗಿನವರಿಗೆ ಪೋಷಕರ ಒಪ್ಪಿಗೆ ಮತ್ತು ದಿನಕ್ಕೆ 3 ಗಂಟೆಯ ಮಿತಿ ವಿಧಿಸಿತ್ತು. ಅಪ್ಪನ ಫೋನಿನಲ್ಲಿ, ಅಪ್ಪನ ಖಾತೆಯಲ್ಲಿ ಆಡುವ ಮಗುವಿಗೆ ಈ ಮಿತಿ ಯಾವುದೂ ತಟ್ಟುವುದಿಲ್ಲ. ಪೋಷಕರ ಸಭೆಯಲ್ಲಿ ಈ ಮಾತನ್ನು ದಯವಿಟ್ಟು ಎತ್ತಿ.

ಪ್ರಶ್ನೆ (ಹಾವೇರಿಯ ತಾಯಿ, ಮತ್ತೆ):
ಪಂದ್ಯದ ಲೆಕ್ಕ ಅರ್ಥವಾಯಿತು, ಡಾಕ್ಟರೇ. ಆದರೆ ಈಚೆಗೆ ಫೋನ್ ಇಲ್ಲದಾಗಲೂ ತಂಗಿಯನ್ನು ಹೊಡೆಯುತ್ತಾನೆ. ಕ್ರಿಕೆಟ್ಟಿಗೆ ಹೋಗುವುದನ್ನೂ ಬಿಟ್ಟಿದ್ದಾನೆ.

ಉತ್ತರ:
ಇದನ್ನು ಹೇಳಿದ್ದು ಒಳ್ಳೆಯದಾಯಿತು ಅಮ್ಮ. ತಟ್ಟೆ ತಳ್ಳಿದ್ದಕ್ಕಿಂತ ಕ್ರಿಕೆಟ್ ಬಿಟ್ಟದ್ದು ನನಗೆ ಹೆಚ್ಚು ಮುಖ್ಯವೆನಿಸುತ್ತದೆ. ಈ ವಯಸ್ಸಿನವರಲ್ಲಿ ಖಿನ್ನತೆಯು ಅಳುವಿನ ಬದಲು ಸಿಡುಕಾಗಿ ಕಾಣಿಸಿಕೊಳ್ಳುವುದುಂಟು. ಶಾಲೆಯಲ್ಲಿ ಯಾರಾದರೂ ಕಾಡುತ್ತಿರಬಹುದು, ಓದಿನಲ್ಲಿ ಹಿಂದೆ ಬಿದ್ದ ನಾಚಿಕೆಯಿರಬಹುದು, ಮನೆಯಲ್ಲಿ ದೊಡ್ಡವರ ಜಗಳವಿರಬಹುದು. ಅಂಥ ಮಗುವಿಗೆ ಗೇಮ್ ಅಡಗುತಾಣವಾಗುತ್ತದೆ. ಅದನ್ನು ಮಾತ್ರ ಕಿತ್ತುಹಾಕಿದರೆ ನೋವು ಹಾಗೆಯೇ ಉಳಿಯುತ್ತದೆ. ತಂಗಿಯ ಮೇಲೆ ಕೈ ಮಾಡುವುದನ್ನು ಮಾತ್ರ ಒಂದು ದಿನವೂ ಸಹಿಸಬೇಡಿ. ಆದರೆ ಹೊಡೆದು ತಿದ್ದಲು ಹೋಗಬೇಡಿ, ಹೊಡೆತದಿಂದ ಅವನು ಹೊಡೆಯುವುದನ್ನೇ ಕಲಿಯುತ್ತಾನೆ.

ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯಲ್ಲಿ ಗೇಮಿಂಗ್ ಡಿಸಾರ್ಡರ್ 2022ರಿಂದ ಜಾರಿಯಲ್ಲಿದೆ. ಆಟದ ಮೇಲೆ ಹಿಡಿತ ತಪ್ಪಿ, ಉಳಿದೆಲ್ಲವೂ ಹಿಂದೆ ಸರಿದು, ಹಾನಿ ಕಂಡರೂ ಬಿಡಲಾಗದ ಸ್ಥಿತಿ ಸಾಮಾನ್ಯವಾಗಿ 12 ತಿಂಗಳಷ್ಟಾದರೂ ಇದ್ದಾಗ ಆ ಹೆಸರು ಕೊಡುತ್ತೇವೆ. ನಿಮ್ಮ ಮಗನಿಗೆ ಅದಿದೆಯೆಂದು ನಾನು ಇಲ್ಲಿ ಕುಳಿತು ಹೇಳಲಾರೆ, ಅವನನ್ನು ನೋಡಬೇಕು. ಮೊದಲು ಜಿಲ್ಲಾ ಆಸ್ಪತ್ರೆಯ ಮನೋವೈದ್ಯರ ಬಳಿ ಕರೆದೊಯ್ಯಿರಿ, ಅಥವಾ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ಕನ್ನಡದಲ್ಲಿಯೇ ಮಾತನಾಡಬಹುದು, ಶುಲ್ಕವಿಲ್ಲ. ಅಗತ್ಯವೆನಿಸಿದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇಂಥ ತೊಂದರೆಗಳಿಗೆಂದೇ 2014ರಿಂದ ನಡೆಯುತ್ತಿರುವ ಶಟ್ ಕ್ಲಿನಿಕ್ ಇದೆ. ವೈದ್ಯರ ಬಳಿ ಹೋಗುವಾಗ ಅವನಿಗೆ 'ನಿನ್ನ ಗೇಮ್ ಬಿಡಿಸಲು' ಎನ್ನಬೇಡಿ. ಕ್ರಿಕೆಟ್ ಯಾಕೆ ಬಿಟ್ಟೆ ಎಂದು ಕೇಳಿ, ಅವನು ಹೇಳಿ ಮುಗಿಸುವವರೆಗೆ ನಡುವೆ ಮಾತನಾಡಬೇಡಿ.