ಜೇಬು ತಡವಿ ಹಿಂದಿರುಗುವ ವಿದ್ಯೆ

ಮಹಾನಗರಕ್ಕೆ ಓದಲು ಬಂದು ಹನ್ನೊಂದು ದಿನ ತುಂಬಿದ ಸಂಜೆ, ವಿದ್ಯಾರ್ಥಿನಿಲಯದ ಕೋಣೆಯಲ್ಲಿ ನಾವು ನಾಲ್ವರು ಕುಳಿತು, ಊರಿಗೆ ಹೊಸಬ ಎಂಬ ಪಟ್ಟ ಮನುಷ್ಯನ ತಲೆಯಿಂದ ಯಾವ ದಿನ ಇಳಿಯುತ್ತದೆ ಎಂಬ ಗಹನವಾದ ಪ್ರಶ್ನೆಯನ್ನು ಚರ್ಚೆಗೆ ಎತ್ತಿಕೊಂಡೆವು. ಒಬ್ಬರ ಹೆಸರು ಇನ್ನೊಬ್ಬರ ನಾಲಿಗೆಗೆ ಇನ್ನೂ ಹತ್ತಿರಲಿಲ್ಲವಾದ್ದರಿಂದ ಓದುವ ವಿಷಯದಿಂದಲೇ ಕರೆಯುವ ರೂಢಿ ನಮ್ಮಲ್ಲಿ ಬಿದ್ದುಹೋಗಿತ್ತು: ಒಬ್ಬ ಗಣಿತ, ಒಬ್ಬ ಭೂಗೋಳ, ಒಬ್ಬ ಮನಶ್ಶಾಸ್ತ್ರ, ನಾನು ಇತಿಹಾಸ. ದಿನಕ್ಕೆ ಎರಡು ಸಲವಾದರೂ ದಾರಿ ತಪ್ಪುತ್ತಿದ್ದವನು ಭೂಗೋಳ ಎಂಬುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

“ನನ್ನ ತಲೆಯಿಂದ ಮೊದಲ ದಿನವೇ ಇಳಿಯಿತು,” ಎಂದು ಗಣಿತ ಘೋಷಿಸಿದ. “ರಸ್ತೆ ಎಂದರೆ ರೇಖೆ, ಕೂಡುರಸ್ತೆ ಎಂದರೆ ಬಿಂದು. ಎಡಕ್ಕೆಷ್ಟು, ಬಲಕ್ಕೆಷ್ಟು ಎಂದು ಲೆಕ್ಕವಿಟ್ಟವನಿಗೆ ದಾರಿ ತಪ್ಪುವುದಾದರೂ ಹೇಗೆ? ಕೋನಿಗ್ಸ್‌ಬರ್ಗ್ ನಗರದ ಏಳು ಸೇತುವೆಗಳನ್ನು ಒಂದೊಂದನ್ನೂ ಒಂದೇ ಸಲ ದಾಟಿ ಸುತ್ತಿ ಬರಲು ಸಾಧ್ಯವಿಲ್ಲವೆಂದು ಗಣಿತಜ್ಞ ಆಯ್ಲರ್ 1735ರಲ್ಲಿ ಸಾಧಿಸಿ ತೋರಿಸಿದ್ದು ತರ್ಕದಿಂದಲೇ ಹೊರತು ಕಾಲು ಸವೆಸಿ ಅಲ್ಲ.”

“ನಾನು ನಿನ್ನೆ ಒಂದೇ ಮೇಲ್ಸೇತುವೆಯನ್ನು ಏಳು ಸಲ ದಾಟಿದೆ,” ಎಂದ ಭೂಗೋಳ. “ಇದಕ್ಕೇನಾದರೂ ಪ್ರಮೇಯವಿದೆಯೇ?”

ಕೈಯಲ್ಲಿ ಮೊಬೈಲ್ ಇದ್ದೂ ಹೀಗೇಕಾಯಿತು ಎಂದು ನಾನು ಕೇಳಿದ್ದೇ ತಪ್ಪಾಯಿತು. ಅವನೊಳಗಿನ ಮೇಷ್ಟ್ರು ಎದ್ದು ನಿಂತರು. ಸುಮಾರು 20,000 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಜಿಪಿಎಸ್ ಉಪಗ್ರಹಗಳ ಪೈಕಿ ಕನಿಷ್ಠ ನಾಲ್ಕರ ಸಂಕೇತ ಸಿಕ್ಕಿದರೆ ಮಾತ್ರ ನಾವಿರುವ ಜಾಗ ಸರಿಯಾಗಿ ಗೊತ್ತಾಗುತ್ತದೆಂದೂ, ಎತ್ತರದ ಕಟ್ಟಡಗಳ ನಡುವೆ ಆ ಸಂಕೇತಗಳು ಗೋಡೆಗಳಿಗೆ ಬಡಿದು ಪುಟಿದು ತಡವಾಗಿ ಬರುವುದರಿಂದ ನಕ್ಷೆಯ ನೀಲಿ ಚುಕ್ಕೆ ಇದ್ದಕ್ಕಿದ್ದಂತೆ ರಸ್ತೆಯ ಆಚೆ ಬದಿಗೆ ನೆಗೆದುಬಿಡುತ್ತದೆಂದೂ ವಿವರಿಸಿ, “ನಾನು ಫುಟ್‌ಪಾತಿನಲ್ಲಿ ನಿಂತು ಬೆವರುತ್ತಿರುತ್ತೇನೆ, ನನ್ನ ಚುಕ್ಕೆ ಮಾತ್ರ ಎದುರಿನ ಕಟ್ಟಡದೊಳಗೆ ಹೊಕ್ಕು ಹಾಯಾಗಿರುತ್ತದೆ” ಎಂದು ನಿಟ್ಟುಸಿರಿಟ್ಟ.

“ಇಷ್ಟೇ ಆಗಿದ್ದರೆ ಸಹಿಸಬಹುದಿತ್ತು. ನಿಂತಲ್ಲೇ ನಿಂತವನ ಮುಖ ಯಾವ ದಿಕ್ಕಿಗಿದೆ ಎಂಬುದು ಉಪಗ್ರಹದ ಲೆಕ್ಕದಲ್ಲಿ ಸಿಗುವುದಿಲ್ಲ. ಅದನ್ನು ಹೇಳಬೇಕಾದ ಮೊಬೈಲಿನ ದಿಕ್ಸೂಚಿಯೋ, ಸುತ್ತಲಿನ ಕಬ್ಬಿಣಕ್ಕೆ ಮರುಳಾಗಿ ಗಿರಗಿಟ್ಟಲೆ ಆಡುತ್ತಿರುತ್ತದೆ. ಕಡೆಗೆ ಉಳಿಯುವುದು ಒಂದೇ ಉಪಾಯ: ದೇವರ ಮೇಲೆ ಭಾರ ಹಾಕಿ ಇಪ್ಪತ್ತು ಹೆಜ್ಜೆ ನಡೆದು, ಚುಕ್ಕೆ ಎತ್ತ ಸಾಗುತ್ತದೆಂದು ನೋಡುವುದು. ಅದು ಸಾಗುವುದು ಯಾವಾಗಲೂ ಉಲ್ಟಾ ದಿಕ್ಕಿಗೇ. ಆಗ ಹಿಂದಿರುಗಬೇಕು. ನಿಜವಾದ ಕಷ್ಟವಿರುವುದು ಅಲ್ಲಿ.”

ಹಿಂದಿರುಗುವುದರಲ್ಲೇನು ಕಷ್ಟ ಎಂದು ಕೇಳುವವರು ಜನಜಂಗುಳಿಯ ನಟ್ಟನಡುವೆ ಗಕ್ಕನೆ ನಿಂತು, ಕಾರಣವೇ ಇಲ್ಲದೆ ಬಂದ ದಾರಿಗೇ ತಿರುಗಿ ನೋಡಿದವರಲ್ಲ. ಇದಕ್ಕೆ ಭೂಗೋಳ ಒಂದು ಶಾಸ್ತ್ರವನ್ನೇ ಕಟ್ಟಿದ್ದ. ಮಂಚ ಮತ್ತು ಬಾಗಿಲಿನ ನಡುವೆ ನಡೆದು ಅದನ್ನು ಮಾಡಿಯೂ ತೋರಿಸಿದ. ಮೊದಲು ನಡಿಗೆ ನಿಧಾನವಾಗಬೇಕು. ಬಳಿಕ ಬಲಗೈ ಜೇಬಿಗಿಳಿದು ಏನನ್ನೋ ತಡವಬೇಕು, ಸಿಗದಿದ್ದುದಕ್ಕೆ ಹುಬ್ಬು ಗಂಟಿಕ್ಕಬೇಕು. ಕಟ್ಟಕಡೆಗೆ ಅಂಗೈ ಹಣೆಗೆ ತಾಕಬೇಕು. ಕೋಣೆಯಲ್ಲಿ ಬಿಟ್ಟುಬಂದ ಮಹತ್ವದ ವಸ್ತುವೊಂದು ಆ ಗಳಿಗೆಯಲ್ಲೇ ನೆನಪಾಯಿತೆಂದು ನೋಡುವವರು ನಂಬಬೇಕು. ಇಷ್ಟಾದ ಮೇಲೆ ತಿರುಗಿದರೆ ಮರ್ಯಾದೆಗೆ ಚ್ಯುತಿಯಿಲ್ಲ.

“ಅಷ್ಟಕ್ಕೂ ನಿನ್ನನ್ನು ನೋಡುತ್ತಿರುವವರು ಯಾರು?” ಎಂದು ಮನಶ್ಶಾಸ್ತ್ರ ತಣ್ಣಗೆ ಕೇಳಿದ. ಅಮೆರಿಕದಲ್ಲಿ ಕೆಲವು ವಿದ್ಯಾರ್ಥಿಗಳಿಗೆ ಮುಜುಗರ ತರುವಂತಹ ಚಿತ್ರವಿದ್ದ ಅಂಗಿ ತೊಡಿಸಿ ತುಂಬಿದ ಕೋಣೆಗೆ ಕಳುಹಿಸಿದಾಗ, ಹತ್ತಿರ ಹತ್ತಿರ ಅರ್ಧದಷ್ಟು ಜನ ತಮ್ಮ ಅಂಗಿಯನ್ನು ಗಮನಿಸಿರುತ್ತಾರೆಂದು ಅವರು ಅಂದುಕೊಂಡಿದ್ದರೂ, ನಿಜಕ್ಕೂ ಗಮನಿಸಿದವರು ಕಾಲುಭಾಗಕ್ಕಿಂತ ಹೆಚ್ಚಿರಲಿಲ್ಲವೆಂದು 2000ದಲ್ಲಿ ಪ್ರಕಟವಾದ ಅಧ್ಯಯನವೊಂದನ್ನು ಅವನು ಮುಂದಿಟ್ಟ.

“ಆ ಕಾಲುಭಾಗದವರೆಲ್ಲ ನಾನು ತಿರುಗುವ ರಸ್ತೆಯಲ್ಲೇ ಇರುತ್ತಾರೆ ಮಾರಾಯ,” ಎಂದ ಭೂಗೋಳ.

ಊರನ್ನು ಹಗಲಿನಲ್ಲಿ ಗೆದ್ದರೂ ರಾತ್ರಿ ಗೆಲ್ಲುವುದು ಕಷ್ಟವೆಂಬುದು ಮನಶ್ಶಾಸ್ತ್ರನ ವಾದವಾಗಿತ್ತು. ಹೊಸ ಜಾಗದಲ್ಲಿ ಮಲಗಿದ ಮೊದಲ ರಾತ್ರಿ ಮೆದುಳಿನ ಎಡ ಅರ್ಧ ಬಲ ಅರ್ಧದಷ್ಟು ಗಾಢವಾಗಿ ನಿದ್ರಿಸದೆ ಕಾವಲುಗಾರನಂತೆ ಕಿವಿಗೊಟ್ಟಿರುತ್ತದೆಂದು 2016ರಲ್ಲಿ ಸಂಶೋಧಕರು ತೋರಿಸಿದ್ದಾರಂತೆ. ನನ್ನ ಅನುಭವದಲ್ಲಿ ಆ ಕಾವಲುಗಾರ ಒಂದು ರಾತ್ರಿಗೆ ರಾಜೀನಾಮೆ ಕೊಡುವವನಲ್ಲ. ಐದನೆಯ ರಾತ್ರಿಯೂ ನೀರಿನ ಪಂಪಿನ ಸದ್ದಿಗೆ ಎದ್ದು ಕುಳಿತಿದ್ದೇನೆ. ಗಣಿತನ ಮೆದುಳಿನ ಅರ್ಧಗಳು ಮಾತ್ರ ಮೊದಲ ರಾತ್ರಿಯೇ ಎರಡೂ ಸೇರಿ ಗೊರಕೆ ಹೊಡೆದಿದ್ದವು.

ನನ್ನ ಪಾಲಿಗೆ ಉಳಿದದ್ದು ಮನೆಯ ನೆನಪು. ಮನೆಯನ್ನು ನೆನೆದು ಕೊರಗುವ ಈ ಬೇನೆಗೆ 1688ರಲ್ಲಿ ‘ನಾಸ್ಟಾಲ್ಜಿಯಾ’ ಎಂದು ಹೆಸರಿಟ್ಟವನು ಬಾಸೆಲ್ ನಗರದಲ್ಲಿ ವೈದ್ಯಕೀಯ ಓದುತ್ತಿದ್ದ ಯೊಹಾನೆಸ್ ಹೋಫರ್ ಎಂಬ ವಿದ್ಯಾರ್ಥಿಯೇ. ಬರ್ನ್‌ನಿಂದ ಬಾಸೆಲ್‌ಗೆ ಓದಲು ಬಂದ ತರುಣನೊಬ್ಬ ಇನ್ನೇನು ಸಾಯುತ್ತಾನೆ ಎನ್ನುವಷ್ಟು ಹಾಸಿಗೆ ಹಿಡಿದು, ಊರಿಗೆ ಕಳುಹಿಸಿದಾಗ ದಾರಿಯಲ್ಲೇ ಗುಣವಾದನೆಂದು ಅವನು ಬರೆದಿದ್ದಾನೆ. ನಾನು ಇದನ್ನು ಗದ್ಗದನಾಗಿ ಹೇಳಿ ಮುಗಿಸಿದೆ.

“ದಾರಿ ಗೊತ್ತಿತ್ತಲ್ಲ, ಪುಣ್ಯವಂತ,” ಎಂದ ಭೂಗೋಳ.

ನಮ್ಮ ದುರ್ಬಲ ಚಿತ್ತಗಳನ್ನು ಕಂಡು ಮರುಕಪಟ್ಟ ಗಣಿತ, ಗ್ರಂಥಾಲಯಕ್ಕೆ ಪುಸ್ತಕ ಹಿಂದಿರುಗಿಸಬೇಕೆಂದು ಎದ್ದು ಹೊರಟ. ನಾವು ಮೂವರೂ ಕಿಟಕಿಯ ಬಳಿ ನಿಂತು ನೋಡಿದೆವು. ಗ್ರಂಥಾಲಯವಿರುವುದು ಗೇಟಿನಿಂದ ಬಲಕ್ಕೆ. ಅವನು ತಲೆಯೆತ್ತಿ, ನೆಟ್ಟನೆ, ಎಡಕ್ಕೆ ನಡೆದ. ಮೂವತ್ತು ಹೆಜ್ಜೆಯಾದ ಮೇಲೆ ಗಕ್ಕನೆ ನಿಂತ. ಪಟ್ಟೆಂದು ಹಣೆ ಬಡಿದುಕೊಂಡ. ಆಮೇಲೆ ಏನೋ ನೆನಪಾದವನಂತೆ ಜೇಬು ತಡವಿ, ಬಂದ ದಾರಿಗೆ ತಿರುಗಿದ.

ಭೂಗೋಳ ಬಹಳ ಹೊತ್ತು ಮಾತಾಡಲಿಲ್ಲ. ಬಳಿಕ, “ಜೇಬು ಮೊದಲು, ಹಣೆ ಆಮೇಲೆ ಎಂದು ಅಷ್ಟು ಬಿಡಿಸಿ ಹೇಳಿದ್ದೆ,” ಎಂದು ನೊಂದುಕೊಂಡ.